ಮೊದಲು ಬೆಳಕು, ಆಮೇಲೆ ಕ್ಯಾಮೆರಾ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಪೇಟೆಗಳಲ್ಲಿ 1980 ಮತ್ತು 90ರ ದಶಕಗಳಲ್ಲಿ ಫೋಟೊ ಸ್ಟುಡಿಯೊ ಇಟ್ಟವರಲ್ಲಿ ದುಡ್ಡಿದ್ದು ಬಂದವರು ಕಡಿಮೆ. ಬಸ್ ನಿಲ್ದಾಣಕ್ಕೋ ಕೋರ್ಟಿಗೋ ಹೈಸ್ಕೂಲಿಗೋ ಹತ್ತಿರದಲ್ಲಿ ಹತ್ತಡಿ ಅಗಲದ ಒಂದು ಮಳಿಗೆ ಹಿಡಿಯುತ್ತಿದ್ದರು. ನಡುವೆ ಪ್ಲೈವುಡ್ ಗೋಡೆ ಎಬ್ಬಿಸಿ ಮುಂದೆ ಕೌಂಟರು, ಹಿಂದೆ ಪರದೆ ಮತ್ತು ಸ್ಟೂಲು, ಮೂಲೆಯಲ್ಲಿ ಒಬ್ಬ ನಿಲ್ಲುವಷ್ಟು ಡಾರ್ಕ್ ರೂಮು ಮಾಡಿಕೊಂಡರೆ ಸ್ಟುಡಿಯೊ ಸಿದ್ಧ. ಮಳಿಗೆಯ ಅಡ್ವಾನ್ಸ್ ಕೊಡುವ ಹೊತ್ತಿಗೇ ಅರ್ಧ ದುಡ್ಡು ಕರಗಿರುತ್ತಿತ್ತು. ಉಳಿದ ಅರ್ಧವನ್ನು ಯಾವುದಕ್ಕೆ ಮೊದಲು ಹಾಕುತ್ತಾರೆ, ಯಾವುದಕ್ಕೆ ಆಮೇಲೆ ಹಾಕುತ್ತಾರೆ ಎಂಬುದರ ಮೇಲೆ ಆ ಸ್ಟುಡಿಯೊದ ಆಯಸ್ಸು ನಿಂತಿರುತ್ತಿತ್ತು. ಹೆಚ್ಚು ಬಂಡವಾಳ ಹಾಕಿದವರು ಎರಡು ವರ್ಷದಲ್ಲಿ ಬಾಗಿಲು ಹಾಕಿದ್ದೂ ಉಂಟು, ಸೆಕೆಂಡ್ ಹ್ಯಾಂಡ್ ಸಾಮಾನಿನಲ್ಲಿ ಶುರು ಮಾಡಿದವರು ಮಗನ ಕೈಗೆ ಅಂಗಡಿ ಒಪ್ಪಿಸಿದ್ದೂ ಉಂಟು. ಆ ಕಾಲದ ಅನುಭವವನ್ನು ಹಿಂದಿರುಗಿ ನೋಡಿದಾಗ ಮುಖ್ಯವಾಗಿ ಕಾಣುವುದು ಈ ಖರ್ಚಿನ ಕ್ರಮವೇ.

ಸ್ಟುಡಿಯೊ ಇಡುವ ಮೊದಲು ಇನ್ನೊಬ್ಬರ ಸ್ಟುಡಿಯೊದಲ್ಲಿ ದುಡಿಯುವುದು ವಾಡಿಕೆ. ಹೈಸ್ಕೂಲು ಮುಗಿದ ಅಥವಾ ಅರ್ಧಕ್ಕೆ ಬಿಟ್ಟ ಹುಡುಗ ಕಸ ಗುಡಿಸುವುದರಿಂದ ಶುರು ಮಾಡಿ, ಚಿತ್ರವನ್ನು ಸ್ಥಿರಗೊಳಿಸುವ ಹೈಪೊ ಕಲಸುವುದು, ಪ್ರಿಂಟು ತೊಳೆಯುವುದು, ಮದುವೆಯಲ್ಲಿ ಲೈಟು ಹಿಡಿಯುವುದು, ಕೊನೆಗೆ ಕ್ಯಾಮೆರಾ ಮುಟ್ಟುವುದು, ಹೀಗೆ ಮೆಟ್ಟಿಲು ಹತ್ತುತ್ತಿದ್ದ. ಸಂಬಳ ಹೆಸರಿಗಷ್ಟೇ. ಆದರೆ ಎರಡು ಮೂರು ವರ್ಷ ಕಳೆಯುವುದರೊಳಗೆ ಊರಿನ ಪುರೋಹಿತರು, ಛತ್ರದ ಮ್ಯಾನೇಜರು, ಅಡುಗೆ ಭಟ್ಟರು, ಹೂವಿನ ಅಲಂಕಾರದವರು, ವಾಲಗದವರು ಎಲ್ಲರಿಗೂ ಆ ಹುಡುಗನ ಮುಖ ಗೊತ್ತಾಗಿರುತ್ತಿತ್ತು. ಮುಂದೆ ಸ್ವಂತ ಅಂಗಡಿ ಇಟ್ಟಾಗ ಮದುವೆ ಆರ್ಡರು ಬರುತ್ತಿದ್ದದ್ದು ಈ ಪರಿಚಯದ ಮೇಲೆ. ಶಿಸ್ತಿನ ತರಬೇತಿ ಬೇಕೆಂದವರಿಗೆ ರುಡ್‌ಸೆಟ್ ಸಂಸ್ಥೆ ಇತ್ತು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಜೊತೆಗೂಡಿ ಆರಂಭವಾದ ಈ ಸಂಸ್ಥೆ ಊಟ ವಸತಿ ಸಹಿತ ಉಚಿತವಾಗಿ ಫೋಟೊಗ್ರಫಿ, ವಿಡಿಯೊಗ್ರಫಿ ಕಲಿಸುತ್ತ ಬಂದಿದೆ. ಬೆಂಗಳೂರಿನ ಸುತ್ತಮುತ್ತಲಿನ ಜಿಲ್ಲೆಗಳ ಹುಡುಗರಿಗೆ ನೆಲಮಂಗಲದ ಅರಿಶಿನಕುಂಟೆಯ ಶಾಖೆ ಹತ್ತಿರ. ಅಲ್ಲಿ ಕಲಿತವರಿಗೆ ಕ್ಯಾಮೆರಾದ ಜೊತೆಗೆ ಲೆಕ್ಕ ಬರೆಯುವ ಅಭ್ಯಾಸವೂ ಬರುತ್ತಿತ್ತು. ಅಂಗಡಿಯೊಳಗೆ ಕಲಿತ ಹುಡುಗರಿಗೆ ಆಗಾಗ ತಪ್ಪಿಹೋಗುತ್ತಿದ್ದದ್ದು ಅದೊಂದೇ.

ದುಡ್ಡು ಹಾಕುವ ಕ್ರಮದಲ್ಲಿ ಮೊದಲ ಸ್ಥಾನ ಲೈಟಿನದು. 500 ವ್ಯಾಟಿನ ಎರಡು ಬಲ್ಬು, ಅವಕ್ಕೆ ಅಲ್ಯೂಮಿನಿಯಂ ಬೋಗುಣಿಯಂಥ ರಿಫ್ಲೆಕ್ಟರು, ನಿಲ್ಲಿಸಲು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಕಬ್ಬಿಣದ ಕಂಬ, ಕೂದಲಿಗೆ ಹೊಳಪು ಕೊಡಲು ಹಿಂದಿನಿಂದ ಇನ್ನೊಂದು ಸಣ್ಣ ಬಲ್ಬು. ಇಷ್ಟಿದ್ದರೆ ಲೆನ್ಸನ್ನು ಎಫ್8ಕ್ಕೆ ಮುಚ್ಚಿ ತೆಗೆಯಬಹುದು. ಎಫ್8ರಲ್ಲಿ ಅಗ್ಗದ ಲೆನ್ಸಿಗೂ ದುಬಾರಿ ಲೆನ್ಸಿಗೂ ಇರುವ ಅಂತರ ಪಾಸ್‌ಪೋರ್ಟ್ ಸೈಜಿನ ಪ್ರಿಂಟಿನಲ್ಲಿ ಕಾಣುವುದೇ ಇಲ್ಲ. ಲೈಟಿಲ್ಲದೆ ಒಳ್ಳೆಯ ಕ್ಯಾಮೆರಾ ಇಟ್ಟುಕೊಂಡವರ ಫೋಟೊದಲ್ಲಿ ಕಣ್ಣಿನ ಕೆಳಗೆ ಕಪ್ಪು, ಕತ್ತಿನ ಮೇಲೆ ನೆರಳು, ಗಿರಾಕಿಯ ಮುಖದಲ್ಲಿ ಬೇಸರ. ಆದ್ದರಿಂದ ತಿಳಿದವರು ಲೈಟು ಮತ್ತು ಪರದೆಗೆ ಮೊದಲು ದುಡ್ಡು ಹಾಕಿ, ಕ್ಯಾಮೆರಾವನ್ನು ಹಳೆಯ ಧಣಿಯಿಂದಲೇ ಕಂತಿನಲ್ಲಿ ಕೊಳ್ಳುತ್ತಿದ್ದರು. ಸಾಮಾನ್ಯವಾಗಿ ಅದು ಯಾಶಿಕಾ ಮ್ಯಾಟ್; ಮೇಲಿನಿಂದ ಬಗ್ಗಿ ನೋಡುವ, ಎರಡು ಕಣ್ಣಿನ ಕ್ಯಾಮೆರಾ. 120 ರೋಲಿನಲ್ಲಿ 12 ಚೌಕ ಫ್ರೇಮು. ನೆಗೆಟಿವ್ ದೊಡ್ಡದಿರುವುದರಿಂದ ಮೊನಚಾಗಿ ಹೆರೆದ ಪೆನ್ಸಿಲಿನಿಂದ ಅದರ ಮೇಲೇ ಮೊಡವೆ, ಸುಕ್ಕು ತಿದ್ದಬಹುದಿತ್ತು. ಈ ಟಚಿಂಗ್ ಕೆಲಸ ಬಲ್ಲವನಿಗೆ ಊರಲ್ಲಿ ವಿಶೇಷ ಮರ್ಯಾದೆ. ಹೆಣ್ಣು ತೋರಿಸುವ ಫೋಟೊಗೆ ಜನ ಹುಡುಕಿಕೊಂಡು ಬರುತ್ತಿದ್ದದ್ದು ಅವನನ್ನೇ.

ಡಾರ್ಕ್ ರೂಮು ಸಣ್ಣದಾದರೂ ಖರ್ಚು ಸಣ್ಣದಲ್ಲ. ಎನ್ಲಾರ್ಜರು, ಕೆಂಪು ಬಲ್ಬು, ಮೂರು ಟ್ರೇ, ಗ್ಲೇಜಿಂಗ್ ಪ್ಲೇಟು ಒಮ್ಮೆ ಕೊಂಡರೆ ಮುಗಿಯಿತು. ಕಾಗದ ಮತ್ತು ರಾಸಾಯನಿಕ ಮಾತ್ರ ತಿಂಗಳು ತಿಂಗಳೂ ಬೇಕು. ಇಲ್ಲಿ ಸಣ್ಣ ಸ್ಟುಡಿಯೊಗಳನ್ನು ಬದುಕಿಸಿದ್ದು ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿದ ಈ ಸರ್ಕಾರಿ ಕಾರ್ಖಾನೆಯ 'ಇಂದು' ಹೆಸರಿನ ಕಪ್ಪು ಬಿಳುಪು ಫಿಲ್ಮು ಮತ್ತು ಕಾಗದ ವಿದೇಶಿ ಮಾಲಿಗೆ ಬದಲಾಗಿ ಕೈಗೆಟುಕುವಂತಿದ್ದವು. ಡೆವಲಪರನ್ನು ಪ್ಯಾಕೆಟ್ಟಿನಲ್ಲಿ ಕೊಳ್ಳುವ ಬದಲು ಮೆಟಾಲ್, ಹೈಡ್ರೊಕ್ವಿನೋನ್, ಸೋಡಿಯಂ ಸಲ್ಫೈಟ್, ಸೋಡಿಯಂ ಕಾರ್ಬೊನೇಟ್, ಚಿಟಿಕೆ ಪೊಟ್ಯಾಸಿಯಂ ಬ್ರೊಮೈಡ್ ತಂದು ತಾವೇ ತೂಗಿ ಕಲಸಿದರೆ ಖರ್ಚು ಎಷ್ಟೋ ಇಳಿಯುತ್ತಿತ್ತು. ತೂಗಲು ಅಕ್ಕಸಾಲಿಗರಿಂದ ಕೊಂಡ ಹಳೆಯ ಸಣ್ಣ ತಕ್ಕಡಿ ಸಾಕು.

ಈ ಸೀಮೆಯ ಡಾರ್ಕ್ ರೂಮಿಗೆ ನಿಜವಾದ ಕಷ್ಟ ಕೊಟ್ಟಿದ್ದು ನೀರು ಮತ್ತು ಕರೆಂಟು. ನಂದಿಬೆಟ್ಟದ ಸುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿಗಳು ಹುಟ್ಟಿದರೂ ವರ್ಷವಿಡೀ ಹರಿಯುವ ಒಂದು ನದಿಯೂ ಈ ತಾಲ್ಲೂಕುಗಳಿಗಿಲ್ಲ. ನಲ್ಲಿಯಲ್ಲಿ ನೀರು ಬರುವುದು ಕೆಲವು ದಿನಗಳಿಗೊಮ್ಮೆ. ಹಳೆಯ ಬಗೆಯ ಫೋಟೊ ಕಾಗದವನ್ನು ಹೈಪೊದಿಂದ ತೆಗೆದ ಮೇಲೆ ಒಂದು ಗಂಟೆಯವರೆಗೂ ನೀರಲ್ಲಿ ತೊಳೆಯಬೇಕು. ಕಾಗದದ ನಾರಿನೊಳಗೆ ಹೈಪೊ ಉಳಿದರೆ ಕೆಲವೇ ವರ್ಷಗಳಲ್ಲಿ ಚಿತ್ರ ಹಳದಿಯಾಗಿ ಮಾಸುತ್ತದೆ. ಹರಿಯುವ ನೀರಿಲ್ಲದ ಕಡೆ ಕೆಲಸಗಾರರು ಬಕೆಟ್ಟಿನಿಂದ ಬಕೆಟ್ಟಿಗೆ ಪ್ರಿಂಟು ದಾಟಿಸುತ್ತ, ಪ್ರತಿ ಬಕೆಟ್ಟಿನಲ್ಲೂ ಒಂದಿಷ್ಟು ಹೊತ್ತು ಆಡಿಸುತ್ತ, ಐದಾರು ಬಕೆಟ್ಟಿನಲ್ಲಿ ಮುಗಿಸುವ ಕ್ರಮ ಕಂಡುಕೊಂಡರು. ಮೊದಲ ಬಕೆಟ್ಟಿನ ನೀರನ್ನು ಚೆಲ್ಲಿ, ಉಳಿದವನ್ನು ಒಂದೊಂದು ಸ್ಥಾನ ಮುಂದಕ್ಕೆ ತಳ್ಳಿ, ಕೊನೆಗೆ ಮಾತ್ರ ಹೊಸ ನೀರು ಇಡುವುದು. ಆ ಶ್ರದ್ಧೆ ಇದ್ದ ಸ್ಟುಡಿಯೊದ ಫೋಟೊಗಳು ಇಂದಿಗೂ ಈ ಊರುಗಳ ನಡುಮನೆಯ ಗೋಡೆಗಳ ಮೇಲೆ ಕಪ್ಪು ಕಪ್ಪಾಗಿ, ಬಿಳುಪು ಬಿಳುಪಾಗಿ ಉಳಿದಿವೆ. ಮುಂದೆ ಪ್ಲಾಸ್ಟಿಕ್ ಲೇಪನದ ಆರ್‌ಸಿ ಕಾಗದ ಬಂದಾಗ ತೊಳೆಯುವ ಹೊತ್ತು ನಾಲ್ಕೈದು ನಿಮಿಷಕ್ಕೆ ಇಳಿಯಿತು. ಕಾಗದದ ಬೆಲೆ ಹೆಚ್ಚಿದ್ದರೂ ನೀರಿನ ಬವಣೆ ಕಂಡವರು ಅದಕ್ಕೆ ಬದಲಾದರು.

ಕರೆಂಟಿನ ಲೆಕ್ಕ ಇನ್ನೂ ಸೂಕ್ಷ್ಮ. ವೋಲ್ಟೇಜು ನೂರಕ್ಕೆ ಹತ್ತರಷ್ಟು ಇಳಿದರೆ ಬಲ್ಬಿನ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಸಂಜೆ ಊರಿನ ದೀಪಗಳೆಲ್ಲ ಹತ್ತಿದ ಹೊತ್ತಿನಲ್ಲಿ ಎಂಟು ಸೆಕೆಂಡ್ ಕೊಟ್ಟ ಪ್ರಿಂಟು ಪೇಲವವಾದರೆ, ರಾತ್ರಿ ಹನ್ನೊಂದರ ಮೇಲೆ ಅದೇ ಎಂಟು ಸೆಕೆಂಡಿಗೆ ಕಪ್ಪಾಗುತ್ತಿತ್ತು. ಕಾಗದ ಹಾಳಾದಷ್ಟೂ ಲಾಭ ಹೋದಂತೆ. ಹಾಗಾಗಿ ಊರು ಮಲಗಿದ ಮೇಲೆ ಪ್ರಿಂಟು ಹಾಕುವುದು ಎಲ್ಲರ ರೂಢಿಯಾಯಿತು. ಬೇಸಿಗೆಯಲ್ಲಿ ಡೆವಲಪರು 20 ಡಿಗ್ರಿಗಿಂತ ಬಿಸಿಯಾಗಿ ಚಿತ್ರ ಕ್ಷಣದಲ್ಲಿ ಕಪ್ಪಿಡುವುದರಿಂದ ಮಡಕೆಯಲ್ಲಿ ತಣಿಸಿದ ನೀರಿನಲ್ಲಿ ಟ್ರೇ ಇಡಬೇಕು. ನಂದಿಯ ಚಳಿಗಾಲದಲ್ಲಿ ಇದರ ತಿರುವುಮುರುವು. ಬಿಸಿನೀರಿನ ಪಾತ್ರೆಯ ಮೇಲೆ ಟ್ರೇ. ಕೆಂಪು ಬೆಳಕಿನಲ್ಲಿ ಬಿಳಿ ಕಾಗದದ ಮೇಲೆ ಮೊದಲು ಕೂದಲು, ಹುಬ್ಬು, ಕಣ್ಣುಗುಡ್ಡೆ ಮೂಡಿ, ಆಮೇಲೆ ಕೆನ್ನೆ ಹಣೆಗಳು ತುಂಬಿಕೊಳ್ಳುವುದನ್ನು ನೋಡುತ್ತ, ಇನ್ನು ಸಾಕು ಎಂದು ತೆಗೆಯುವ ಗಳಿಗೆಯನ್ನು ಕೈಯೇ ಕಲಿಯುತ್ತಿತ್ತು.

ದಿನದ ಅನ್ನ ಕೊಡುತ್ತಿದ್ದದ್ದು ಪಾಸ್‌ಪೋರ್ಟ್ ಸೈಜು. ಎಸ್ಸೆಸ್ಸೆಲ್ಸಿ ಅರ್ಜಿ, ಬಸ್ ಪಾಸು, ಸೊಸೈಟಿ ಸಾಲ, ಬ್ಯಾಂಕ್ ಪುಸ್ತಕ, ಕೆಲಸದ ಅರ್ಜಿ, ಎಲ್ಲಕ್ಕೂ ಮೂರು ಕಾಪಿ. 35 ಎಂಎಂ ಕ್ಯಾಮೆರಾ ಬಂದ ಮೇಲೆ ಇಲ್ಲೊಂದು ತೊಡಕು ಹುಟ್ಟಿತು. ರೋಲಿನಲ್ಲಿ 36 ಫ್ರೇಮು, ಬಂದ ಗಿರಾಕಿ ಒಬ್ಬ, ಅವನಿಗೆ ಸಂಜೆಯ ಬಸ್ಸಿನೊಳಗೆ ಫೋಟೊ ಬೇಕು. ರೋಲು ಮುಗಿಯುವವರೆಗೆ ಕಾದರೆ ಗಿರಾಕಿ ಎದುರಿನ ಅಂಗಡಿಗೆ ಹೋಗುತ್ತಾನೆ. ಆಗ ಡಾರ್ಕ್ ರೂಮಿನಲ್ಲಿ ಕೆಂಪು ದೀಪವನ್ನೂ ಆರಿಸಿ, ಪೂರ್ತಿ ಕತ್ತಲಲ್ಲಿ ಕ್ಯಾಮೆರಾ ತೆರೆದು, ತೆಗೆದಷ್ಟು ಫಿಲ್ಮನ್ನು ಕತ್ತರಿಯಿಂದ ತುಂಡರಿಸಿ, ಉಳಿದದ್ದರ ತುದಿಯನ್ನು ಬೆರಳಂದಾಜಿನಲ್ಲೇ ನಾಲಗೆಯಾಕಾರಕ್ಕೆ ಕತ್ತರಿಸಿ ಮತ್ತೆ ತೊಡಿಸುತ್ತಿದ್ದರು. ಹೀಗೆ ಒಂದು ಸಲ ತುಂಡರಿಸಿದರೆ ಮೂರು ನಾಲ್ಕು ಫ್ರೇಮು ದಂಡ. 'ಅರ್ಜೆಂಟ್' ಎಂದು ಹೆಚ್ಚು ದರ ಹಾಕುತ್ತಿದ್ದದ್ದು ಈ ನಷ್ಟವನ್ನು ತುಂಬಿಕೊಳ್ಳಲು. ಕೆಲವರು ಹಾಗೆ ಬಂದವರನ್ನೆಲ್ಲ ಒಂದು ಸಮಯಕ್ಕೆ ಗೊತ್ತುಮಾಡಿ, ಮಧ್ಯಾಹ್ನ ಒಂದೇ ಸಲ ಡೆವಲಪ್ ಮಾಡಿ ನಷ್ಟ ತಗ್ಗಿಸಿಕೊಂಡರು. ಹಳ್ಳಿಗಳ ಬಸ್ಸು ಹೊರಡುವ ಸಮಯ ಬಾಯಿಪಾಠ ಇಲ್ಲದೆ ಇದು ಸಾಧ್ಯವಿರಲಿಲ್ಲ.

1993ರಲ್ಲಿ ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ ಮತದಾರರ ಗುರುತಿನ ಚೀಟಿಗೆ ಫೋಟೊ ಬೇಕೆಂಬ ನಿಯಮ ಬಂದದ್ದು ದೇಶದ ಹಳ್ಳಿಹಳ್ಳಿಗೂ ಕ್ಯಾಮೆರಾ ಹೋಗಲು ಕಾರಣವಾಯಿತು. ಅದುವರೆಗೆ ಒಂದು ಫೋಟೊವನ್ನೂ ತೆಗೆಸಿಕೊಂಡಿರದ ಹಿರಿಯರು ಚಾವಡಿಯ ಮುಂದೆ ಬಿಳಿ ಪಂಚೆಯ ಪರದೆಗೆ ಬೆನ್ನುಕೊಟ್ಟು ಕೂತರು. ತಲೆಗೆ ಸಿಗುತ್ತಿದ್ದ ದರ ಕಡಿಮೆ, ಬಿಲ್ಲು ಕೈಸೇರುವುದು ತಡ. ಆದರೂ ಹಳ್ಳಿಗೆ ಹೋಗಿಬಂದ ಫೋಟೊಗ್ರಾಫರಿಗೆ ಅಲ್ಲಿಂದ ಮದುವೆಗೂ ಗೃಹಪ್ರವೇಶಕ್ಕೂ ಕರೆ ಬಂತು.

ಕಡಿಮೆ ಬಂಡವಾಳಕ್ಕೆ ಅತ್ಯಂತ ಹೊಂದುತ್ತಿದ್ದ ಕೆಲಸ ಶಾಲೆಯ ಗ್ರೂಪ್ ಫೋಟೊ. ಜನವರಿ ಕಳೆದು ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ಬೆಂಚು ಜೋಡಿಸಿ, ಮುಂದೆ ಮೇಷ್ಟ್ರುಗಳು, ಹಿಂದೆ ಮೂರು ಸಾಲು ಮಕ್ಕಳು. ಯಾರಾದರೂ ಕಣ್ಣು ಮುಚ್ಚಿರಬಹುದೆಂದು ಎರಡು ಫ್ರೇಮು. ಖರ್ಚಾಗುವುದು ಎರಡು ನೆಗೆಟಿವ್, ಮಾರಾಟವಾಗುವುದು ಅರವತ್ತು ಪ್ರಿಂಟು. ಕ್ಲಾಸ್ ಟೀಚರೇ ದುಡ್ಡು ಸೇರಿಸಿ ಕೊಡುವುದರಿಂದ ಬಾಕಿಯೂ ಇಲ್ಲ. ಹೆಡ್‌ಮೇಷ್ಟ್ರಿಗೆ ಚೌಕಟ್ಟು ಹಾಕಿದ ಕಾಪಿ ಉಚಿತ. ವರ್ಷದ ಕಾಗದ, ರಾಸಾಯನಿಕದ ಹಳೆ ಬಾಕಿಯನ್ನು ಬೆಂಗಳೂರಿನ ಅಂಗಡಿಗೆ ಸಣ್ಣ ಸ್ಟುಡಿಯೊಗಳು ತೀರಿಸುತ್ತಿದ್ದದ್ದು ಈ ತಿಂಗಳಲ್ಲೇ.

ಸಾವಿನ ಮನೆಯ ಕೆಲಸವನ್ನು ಇಲ್ಲಿ ಬಿಡುವಂತಿಲ್ಲ. ಹನ್ನೊಂದನೆಯ ದಿನದ ಕಾರ್ಯಕ್ಕೆ ಹಾರ ಹಾಕಲು ಪಟ ಬೇಕು, ಮನೆಯಲ್ಲಿ ಹುಡುಕಿದರೆ ತೀರಿಕೊಂಡವರ ಒಂಟಿ ಫೋಟೊ ಇಲ್ಲ; ಯಾರದೋ ಮದುವೆಯ ಗುಂಪಿನಲ್ಲಿ ಉಗುರಿನಷ್ಟು ಮುಖ. ಅದನ್ನು ಸ್ಟ್ಯಾಂಡಿಗೆ ಒತ್ತಿ ಮತ್ತೆ ಫೋಟೊ ತೆಗೆದು, ಪಕ್ಕದವರ ಭುಜ, ಹಿಂದಿನ ಕಂಬ ಅಳಿಸಿ, ಮಸುಕಾದ ಕಣ್ಣನ್ನು ಕುಂಚದಿಂದ ತೀಡಿ, ದೊಡ್ಡದು ಮಾಡಿ, ಎರಡೇ ದಿನದಲ್ಲಿ ಕಟ್ಟು ಹಾಕಿಸಿ ಕೊಡಬೇಕು. ಈ ಕೆಲಸಕ್ಕೆ ಒಳ್ಳೆಯ ಫೋಟೊಗ್ರಾಫರು ಚೌಕಾಸಿ ಮಾಡುತ್ತಿರಲಿಲ್ಲ, ಮನೆಯವರು ಕೊಟ್ಟಷ್ಟು ತೆಗೆದುಕೊಳ್ಳುತ್ತಿದ್ದರು. ಆ ಮನೆಯ ಮುಂದಿನ ಶುಭಕಾರ್ಯ ಇನ್ನೊಂದು ಸ್ಟುಡಿಯೊಗೆ ಹೋಗುವುದು ಅಪರೂಪ. ಬೋರ್ಡು, ಕರಪತ್ರಗಳಿಗಿಂತ ಹೆಚ್ಚು ಗಿರಾಕಿಗಳನ್ನು ತಂದುಕೊಟ್ಟಿದ್ದು ಇಂಥ ನಡವಳಿಕೆ.

ದೊಡ್ಡ ಆದಾಯ ಮದುವೆಯದು, ಮದುವೆಗೆ ಪಂಚಾಂಗವೇ ಯಜಮಾನ. ಮಾಘದಿಂದ ಜ್ಯೇಷ್ಠದವರೆಗೆ ಬಿಡುವಿಲ್ಲ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಅಂಗಡಿಯ ನೊಣ ಹೊಡೆಯಬೇಕು. ಆದರೆ ಇದು ನಾಲ್ಕೂ ಊರುಗಳಲ್ಲಿ ಒಂದೇ ರೀತಿ ಇರಲಿಲ್ಲ. ಶಿಡ್ಲಘಟ್ಟ, ಚಿಂತಾಮಣಿಗಳಲ್ಲಿ ಮುಸ್ಲಿಂ ಮನೆತನಗಳು ಬಹಳ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಣಿಕೆಯ ಕಸುಬು ನಡೆಸುವವರಲ್ಲೂ ಅವರೇ ಹೆಚ್ಚು. ಅವರ ಚಾಂದ್ರಮಾನ ವರ್ಷ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ರಂಜಾನ್ ಮುಗಿದ ಮೇಲಿನ ಮದುವೆಗಳ ಸುಗ್ಗಿ ಕೆಲವು ವರ್ಷ ನೇರವಾಗಿ ಆಷಾಢಕ್ಕೆ ಬೀಳುತ್ತಿತ್ತು. ಎರಡೂ ಸಮುದಾಯಗಳ ಮನೆಗೆ ಸಲೀಸಾಗಿ ಹೋಗಿಬರುತ್ತಿದ್ದ, ಕನ್ನಡ, ತೆಲುಗು, ಉರ್ದು ಮೂರೂ ಆಡುತ್ತಿದ್ದ ಫೋಟೊಗ್ರಾಫರಿಗೆ ಬರಿದಾದ ತಿಂಗಳುಗಳು ಕಡಿಮೆ. ನಿಕಾಹ್‌ನಲ್ಲಿ ಹೆಂಗಸರ ಕಡೆಯ ಫೋಟೊ ತೆಗೆಯಲು ಮನೆಯ ಹೆಣ್ಣುಮಕ್ಕಳನ್ನು ಕರೆದೊಯ್ದು, ಅವರಿಗೆ ಕ್ಯಾಮೆರಾ ಕಲಿಸಿದವರೂ ಇದ್ದರು.

ದುಡ್ಡು ಯಾವಾಗ ಬರುತ್ತದೆ ಎಂಬುದೂ ಊರಿಂದ ಊರಿಗೆ ಬೇರೆ. ರಾಗಿ, ಕಡಲೆಕಾಯಿ ನಂಬಿದ ಮಳೆಯಾಶ್ರಯದ ಹಳ್ಳಿಗಳಲ್ಲಿ ಬಾಕಿ ವಸೂಲಾಗುವುದು ವರ್ಷಕ್ಕೊಮ್ಮೆ. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆ ಹುಳು ಚಾಕಿಯಿಂದ ಚಂದ್ರಿಕೆಗೆ ಬಂದು ಗೂಡು ಕಟ್ಟಲು ತಿಂಗಳು ಸಾಕು. ನೀರಾವರಿ ಹಿಪ್ಪುನೇರಳೆ ಇದ್ದವರಿಗೆ ವರ್ಷಕ್ಕೆ ಐದಾರು ಬೆಳೆ. "ಈ ಸಲದ ಗೂಡು ಮಾರ್ಕೆಟ್ಟಿಗೆ ಹೋಗ್ಲಿ ಸ್ವಾಮಿ, ನಿಮ್ ಬಾಕಿ ಚುಕ್ತಾ ಮಾಡ್ಬಿಡ್ತೀವಿ" ಎಂದರೆ ಆ ಮಾತಿಗೆ ತಿಂಗಳೊಳಗೆ ಬೆಲೆಯಿತ್ತು. ಹುಳುವಿಗೆ ರೋಗ ಬಿದ್ದರೆ ಅಥವಾ ಗೂಡಿನ ಧಾರಣೆ ಕುಸಿದರೆ ಆಲ್ಬಂ ಅಂಗಡಿಯ ಶೆಲ್ಫಿನಲ್ಲೇ ಉಳಿಯುತ್ತಿತ್ತು. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿದು ಗೂಡಿನ ಬೆಲೆ ನೆಲಕಚ್ಚಿದಾಗ ರೈತರ ಜೊತೆ ಆ ಪೇಟೆಯ ಪ್ರತಿಯೊಬ್ಬ ಅಂಗಡಿಯವನೂ ಹೊಡೆತ ತಿಂದ. ಚಿಂತಾಮಣಿ ವ್ಯಾಪಾರಸ್ಥರ ಊರು, ಅಲ್ಲಿ ಮುಂಗಡ ಕೇಳಿದರೆ ಬೇಸರಿಸುವವರಿಲ್ಲ. ಕೈವಾರದ ದೇವಸ್ಥಾನದ ಮದುವೆಗಳು, ಮುರುಗಮಲ್ಲದ ದರ್ಗಾಕ್ಕೆ ಬರುವ ಸಂಸಾರಗಳು ಅಲ್ಲಿಯ ಫೋಟೊಗ್ರಾಫರ ಪಾಲು. ಗೌರಿಬಿದನೂರಿನವರಿಗೆ ವಿದುರಾಶ್ವತ್ಥದ ಅಶ್ವತ್ಥಕಟ್ಟೆಯಲ್ಲಿ ನಾಗಪ್ರತಿಷ್ಠೆ ಮಾಡಿಸಲು ಬರುವವರು ಮತ್ತು ಗಡಿಯಾಚೆ ಹಿಂದೂಪುರದ ಕಡೆಯ ನೆಂಟಸ್ತಿಕೆಗಳು.

ಮದುವೆಗೆ ಹೊರಡುವ ಮುನ್ನ ಯಜಮಾನರ ಜೊತೆ ಆಗುತ್ತಿದ್ದ ಮಾತು ರೋಲಿನದೇ. ಮೂರು ರೋಲು ಎಂದರೆ ಮೂರೇ. 108 ಫ್ರೇಮಿನಲ್ಲಿ ಎದುರುಗೊಳ್ಳುವುದರಿಂದ ಹೆಣ್ಣೊಪ್ಪಿಸಿಕೊಡುವವರೆಗೆ ಮುಗಿಯಬೇಕು. ಆರತಕ್ಷತೆಯಲ್ಲಿ ಮುಯ್ಯಿ ಕೊಟ್ಟವರೆಲ್ಲ ವಧೂವರರ ಪಕ್ಕ ನಿಂತು ಕ್ಯಾಮೆರಾ ನೋಡುತ್ತಾರೆ. ಯಾರ ಫೋಟೊ ಬೇಕು, ಯಾರದು ಬೇಡ ಎಂದು ತಿಳಿಸಲು ಸೋದರಮಾವನೋ ದೊಡ್ಡಪ್ಪನೋ ಫೋಟೊಗ್ರಾಫರ ಬೆನ್ನ ಹಿಂದೆ ನಿಂತು ಸನ್ನೆ ಮಾಡುತ್ತಿದ್ದರು. ಬೇಡವೆಂದವರ ಮನಸ್ಸು ನೋಯಬಾರದೆಂದು ಫಿಲ್ಮು ಓಡಿಸದೆ ಬರೀ ಫ್ಲಾಶ್ ಹೊಡೆಯುವುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಧಾರೆಯ ಹೊತ್ತಿಗೆ ಮಾತ್ರ ಈ ಜಾಣತನ ನಡೆಯದು. ಪೆನ್ಸಿಲ್ ಸೆಲ್ಲು ಹಾಕಿದ ಫ್ಲಾಶು ಒಮ್ಮೆ ಮಿಂಚಿದ ಮೇಲೆ ಮತ್ತೆ ತುಂಬಿಕೊಳ್ಳಲು ಹತ್ತು ಸೆಕೆಂಡು ಬೇಕು, ಸೆಲ್ಲು ಸೋತಿದ್ದರೆ ಇನ್ನೂ ಹೆಚ್ಚು. ಗಟ್ಟಿಮೇಳ ಶುರುವಾದ ಕೂಡಲೇ ಅವಸರಪಟ್ಟು ಒತ್ತಿದವನಿಗೆ ಮೊದಲ ಗಂಟು ಬೀಳುವಾಗ ಬೆಳಕಿರುವುದಿಲ್ಲ. ಅನುಭವಿಗಳು ಫ್ಲಾಶಿನ ಕಿತ್ತಳೆ ಬಣ್ಣದ ರೆಡಿ ಲೈಟು ನೋಡಿಕೊಂಡು, ಅಕ್ಷತೆ ಹಾಕುವ ಕೈಗಳು ಅಡ್ಡ ಬರದಂತೆ ವರನ ಎಡಭುಜದ ಬಳಿ ಸ್ಟೂಲಿನ ಮೇಲೆ ನಿಂತು, ಗಂಟು ಬಿಗಿಯುವಾಗ ಒಮ್ಮೆ ಮಾತ್ರ ಒತ್ತುತ್ತಿದ್ದರು. ಮೊದಲು ಕೊಳ್ಳಬೇಕಾದದ್ದು ಎರಡನೆಯ ಕ್ಯಾಮೆರಾ ಅಲ್ಲ, ಎರಡನೆಯ ಫ್ಲಾಶು ಎಂಬ ಅರಿವು ಬಂದದ್ದು ಇಂಥ ಹೊತ್ತುಗಳಿಂದ.

ಬಣ್ಣದ ಫಿಲ್ಮು ಬಂದಾಗ ಖರ್ಚಿನ ರೂಪವೇ ಬದಲಾಯಿತು. ಬಣ್ಣದ ಸಂಸ್ಕರಣೆಗೆ ಬೇಕಾದ ಯಂತ್ರ ಸಣ್ಣ ಪೇಟೆಯ ಯಾರ ಕೈಗೂ ಎಟುಕುವಂಥದ್ದಲ್ಲ. ರೋಲುಗಳು ಬೆಂಗಳೂರಿನ ಲ್ಯಾಬುಗಳಿಗೆ ಹೋಗಬೇಕು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯಿಂದ ಬೆಳಗಿನ ಬಸ್ಸು, ಗೌರಿಬಿದನೂರಿನಿಂದ ರೈಲು. ಒಬ್ಬೊಬ್ಬರೇ ಹೋದರೆ ದಿನ ಮತ್ತು ಟಿಕೆಟ್ಟು ಎರಡೂ ಹಾಳೆಂದು ನಾಲ್ಕೈದು ಸ್ಟುಡಿಯೊದವರು ಸೇರಿ, ಸರದಿಯಂತೆ ಒಬ್ಬರು ಎಲ್ಲರ ರೋಲು ಒಯ್ದು ಸಂಜೆ ಮ್ಯಾಕ್ಸಿ ಪ್ರಿಂಟುಗಳ ಲಕೋಟೆ ಹೊತ್ತು ತರುತ್ತಿದ್ದರು. ಎದುರುಬದುರಿನ ಅಂಗಡಿಯವರ ಪೈಪೋಟಿ ಈ ಚೀಲದಲ್ಲಿ ಇರಲಿಲ್ಲ. ಲ್ಯಾಬುಗಳು ತಿಂಗಳ ಸಾಲ ಕೊಡಲು ಆರಂಭಿಸಿದ್ದೂ ಹೀಗೆ ಒಟ್ಟಾಗಿ ಹೋಗಿದ್ದರಿಂದ. ಕೆಲವೇ ವರ್ಷಗಳಲ್ಲಿ ಡಾರ್ಕ್ ರೂಮು ಹಳೆಯ ನೆಗೆಟಿವ್ ಡಬ್ಬಗಳ ಉಗ್ರಾಣವಾಯಿತು. ಊಟಿಯ ಕಾರ್ಖಾನೆಯೂ 1996ರಲ್ಲಿ ರೋಗಗ್ರಸ್ತ ಉದ್ಯಮವೆಂದು ಘೋಷಣೆಯಾಯಿತು.

ಸಾಲದ ವಿಚಾರದಲ್ಲಿ ಆ ಕಾಲದ ದೊಡ್ಡ ಹೆಸರು ಪ್ರಧಾನಮಂತ್ರಿ ರೋಜ್‌ಗಾರ್ ಯೋಜನೆ. 1993ರ ಅಕ್ಟೋಬರ್ 2ರಂದು ಆರಂಭವಾದ ಇದರಲ್ಲಿ ಓದಿದ ನಿರುದ್ಯೋಗಿಗಳಿಗೆ ಒಂದು ಲಕ್ಷದವರೆಗಿನ ಯೋಜನೆಗೆ ಬ್ಯಾಂಕ್ ಸಾಲ, ಶೇ 15ರಂತೆ ₹7,500ರ ಮಿತಿಯಲ್ಲಿ ಸಬ್ಸಿಡಿ. ಎಷ್ಟೋ ಸ್ಟುಡಿಯೊಗಳ ಗೋಡೆಯ ಮೇಲೆ ಆ ಯೋಜನೆಯ ಹೆಸರು ಬರೆದಿರುತ್ತಿತ್ತು. ತೊಂದರೆ ಇದ್ದದ್ದು ಕಂತಿನಲ್ಲಿ. ಬ್ಯಾಂಕಿಗೆ ತಿಂಗಳು ತಿಂಗಳೂ ಸಮನಾಗಿ ಕಟ್ಟಬೇಕು, ಮದುವೆಯ ಆದಾಯ ಐದು ತಿಂಗಳಲ್ಲಿ ಬಂದು ಮೂರು ತಿಂಗಳು ನಿಲ್ಲುತ್ತದೆ. ಆಷಾಢಕ್ಕೆ ಮುಂಚೆ ಸಾಲ ಪಡೆದು ಹೊಸ ಕ್ಯಾಮೆರಾ ಕೊಂಡವರು ಮೊದಲ ಮೂರು ಕಂತಿಗೇ ಎಡವಿದರು. ಇದಕ್ಕಿಂತ ಊರಿನ ಚೀಟಿ ವ್ಯವಹಾರ ಈ ಕಸುಬಿಗೆ ಹೆಚ್ಚು ಒಗ್ಗಿತು. ಸೀಸನ್ನಿನಲ್ಲಿ ಎರಡು ಚೀಟಿ ಕಟ್ಟಿ, ಮಾಘಕ್ಕೆ ಮುಂಚೆ ಒಂದನ್ನು ಎತ್ತಿ ಸಾಮಾನು ಕೊಂಡರೆ ಆ ಸಾಮಾನು ಮಾರನೆಯ ದಿನದಿಂದಲೇ ದುಡಿಯುತ್ತಿತ್ತು. ಚೀಟಿ ನಡೆಸುವವರು ಕೈಕೊಟ್ಟು ಎಲ್ಲ ಕಳೆದುಕೊಂಡವರೂ ಇದ್ದಾರೆ, ಅದನ್ನು ಮರೆಯುವಂತಿಲ್ಲ. ಆದರೂ ಸೀಸನ್ನಿಗೆ ಮುಂಚೆ ಕೊಳ್ಳು, ಸೀಸನ್ನಿನಲ್ಲೇ ತೀರಿಸು ಎಂಬ ಲೆಕ್ಕ ಸರಿಯಾದದ್ದೇ.

ವಿಡಿಯೊ ಬಂದಾಗ ಭುಜದ ಮೇಲಿಡುವ ಪ್ಯಾನಾಸಾನಿಕ್ ಎಂ 9000 ಕ್ಯಾಮೆರಾವನ್ನು ಕೊಂಡವರಿಗಿಂತ ದಿನದ ಬಾಡಿಗೆಗೆ ತಂದವರೇ ಹೆಚ್ಚು. ಹತ್ತು ವರ್ಷ ಕಳೆಯುವುದರೊಳಗೆ ಫಿಲ್ಮು ಕ್ಯಾಮೆರಾಗಳ ಜಾಗಕ್ಕೆ ಡಿಜಿಟಲ್ ಬಂತು. 2004ರಲ್ಲಿ ನಿಕಾನ್ ಡಿ70, ಮರುವರ್ಷ ಕ್ಯಾನನ್ 350ಡಿ. ರೋಲಿನ ಖರ್ಚು ನಿಂತಿತು, ಖಾಲಿ ಫ್ಲಾಶಿನ ಗುಟ್ಟೂ ನಿಂತಿತು. ಆದರೆ ಕ್ಯಾಮೆರಾಗೆ ಹಳತಾಗುವ ವೇಗ ಬಂದದ್ದು ಇದೇ ಮೊದಲು. ಯಾಶಿಕಾ ಮ್ಯಾಟ್ ಇಪ್ಪತ್ತು ವರ್ಷ ದುಡಿದರೂ ಅದೇ ಬೆಲೆಗೆ ಕೈಬದಲಾಗುತ್ತಿತ್ತು. ಡಿಜಿಟಲ್ ಕ್ಯಾಮೆರಾ ಮೂರು ವರ್ಷದಲ್ಲಿ ಅರ್ಧ ಬೆಲೆಗೂ ಹೋಗದು. ಕರಿಷ್ಮಾ ಆಲ್ಬಂ ಬಂದು, ಫೋಟೊಶಾಪಿನಲ್ಲಿ ಹಾಳೆ ವಿನ್ಯಾಸ ಮಾಡುವ ಕೆಲಸ ಹೊಸ ಕಸುಬಾಯಿತು. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾದಾಗ ಜಿಲ್ಲಾ ಕಚೇರಿಗಳು, ಸರ್ಕಾರಿ ಸಮಾರಂಭಗಳು ಕೇಂದ್ರ ಸ್ಥಾನದ ಸ್ಟುಡಿಯೊಗಳಿಗೆ ವರ್ಷವಿಡೀ ಒಂದಿಷ್ಟು ಕೆಲಸ ತಂದವು. ಅತ್ತ ಆಧಾರ್ ಕೇಂದ್ರಗಳು ಅಲ್ಲಿಯೇ ಮುಖ ಸೆರೆಹಿಡಿಯತೊಡಗಿ, ಆಮೇಲೆ ಮೊಬೈಲ್ ಬಂದು, ಪಾಸ್‌ಪೋರ್ಟ್ ಸೈಜಿನ ಆದಾಯ ಕರಗಿತು. 2020ರ ಮಾರ್ಚ್ ಕೊನೆಯ ಲಾಕ್‌ಡೌನ್ ಬಂದದ್ದು ಸರಿಯಾಗಿ ಮದುವೆಯ ಸುಗ್ಗಿಯ ನಡುವೆ. ಮದುವೆಗೆ 50 ಜನ ಎಂಬ ಮಿತಿ ಬಂದ ಮೇಲೆ ಆಲ್ಬಂ ಬೇಡ, ನಾಲ್ಕು ಫೋಟೊ ಸಾಕು ಎನ್ನುವವರೇ ಹೆಚ್ಚು. ಮರುವರ್ಷದ ಬೇಸಿಗೆಯೂ ಹಾಗೇ ಹೋಯಿತು. ಸಾಲವಿಲ್ಲದೆ, ಸ್ವಂತ ಮನೆಯ ಮುಂಭಾಗದಲ್ಲಿ ಅಂಗಡಿ ಇಟ್ಟಿದ್ದವರು ತಡೆದುಕೊಂಡರು. ದುಬಾರಿ ಕ್ಯಾಮೆರಾದ ಕಂತು ಮತ್ತು ಮಳಿಗೆ ಬಾಡಿಗೆ ಎರಡೂ ಇದ್ದವರಲ್ಲಿ ಅನೇಕರು ಕಸುಬು ಬಿಟ್ಟರು.

ಈಗ ಆರಂಭಿಸುವವರಿಗೂ ಹಳೆಯ ಕ್ರಮ ಹೊಂದುತ್ತದೆ, ಸಾಮಾನು ಮಾತ್ರ ಬೇರೆ. 2015ರ ಏಪ್ರಿಲ್ 8ರಂದು ಜಾರಿಗೆ ಬಂದ ಮುದ್ರಾ ಯೋಜನೆಯ 'ಶಿಶು' ವಿಭಾಗದಲ್ಲಿ ಅಡಮಾನವಿಲ್ಲದೆ ₹50,000ವರೆಗೆ ಸಾಲ ಸಿಗುತ್ತದೆ. ಅಷ್ಟೇ ದುಡ್ಡೆಂದುಕೊಂಡರೂ, ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಮತ್ತು ಲೆನ್ಸಿಗೆ ₹20,000, ಫ್ಲಾಶು, ಟ್ರಿಗರ್, ಸ್ಟ್ಯಾಂಡು, ಕೊಡೆಗೆ ₹9,000, ಪರದೆಗೆ ₹3,000, ಬಳಸಿದ ಪ್ರಿಂಟರಿಗೆ ₹8,000, ಮೆಮೊರಿ ಕಾರ್ಡು, ಬ್ಯಾಟರಿ, ಹಾರ್ಡ್ ಡಿಸ್ಕಿಗೆ ₹6,000, ಕಾಗದ ಶಾಯಿಗೆ ₹4,000 ಎಂದು ಹಂಚಬಹುದು. ಮಳಿಗೆಯ ಅಡ್ವಾನ್ಸಿಗೆ ಇದರಲ್ಲಿ ಜಾಗವಿಲ್ಲ, ಇರಲೂಬಾರದು. 4x6 ಇಂಚಿನ ಒಂದು ಹಾಳೆಯಲ್ಲಿ ಎಂಟು ಪಾಸ್‌ಪೋರ್ಟ್ ಫೋಟೊ ಕೂರುತ್ತವೆ. ಆ ಕೆಲಸ ಮನೆಯ ಜಗಲಿಯಲ್ಲೂ ನಡೆಯುತ್ತದೆ. ಮೊದಲ ಒಂದೆರಡು ಸೀಸನ್ ಹಳಬರ ಕೈಕೆಳಗೆ ಎರಡನೆಯ ಕ್ಯಾಮೆರಾಮನ್ ಆಗಿ ದಿನಗೂಲಿಗೆ ಹೋದರೆ ಹುಡುಗ ಲೈಟು ಹಿಡಿದು ಕಲಿಯುತ್ತಿದ್ದ ಕಾಲದ ಲಾಭವೇ ಸಿಗುತ್ತದೆ. ದೊಡ್ಡ ಲೆನ್ಸು, ಡ್ರೋನು, ಗಿಂಬಲ್ಲುಗಳು ಬೆಂಗಳೂರಿನಲ್ಲಿ ದಿನದ ಬಾಡಿಗೆಗೆ ದೊರೆಯುತ್ತವೆ. ಬಾಡಿಗೆಯನ್ನು ಗಿರಾಕಿಯ ದರದಲ್ಲಿ ಸೇರಿಸಲು ಸಾಧ್ಯವಾಗುವವರೆಗೆ ಅವನ್ನು ಕೊಳ್ಳಬಾರದು. ಪ್ರಿ ವೆಡ್ಡಿಂಗ್ ಶೂಟಿಗೆ ಈ ಸೀಮೆಯಷ್ಟು ಅನುಕೂಲ ಬೇರೆಡೆ ಕಡಿಮೆ: ಆವಲಬೆಟ್ಟದ ಬಂಡೆ, ಕೈಲಾಸಗಿರಿ, ದ್ರಾಕ್ಷಿ ಮತ್ತು ಗುಲಾಬಿ ತೋಟಗಳು. ನಂದಿಯ ಭೋಗನಂದೀಶ್ವರ ದೇವಾಲಯ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಅಲ್ಲಿ ಟ್ರೈಪಾಡ್ ಊರಲು ಮುಂಚಿತ ಅನುಮತಿ ಬೇಕು.

ಕಾಗದಪತ್ರದ ಕೆಲಸ ಹೆಚ್ಚಿಲ್ಲ. ಅಂಗಡಿ ತೆರೆದರೆ ನಗರಸಭೆಯ ಪರವಾನಗಿ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. ಇದಕ್ಕಿಂತ ಮುಖ್ಯವಾದದ್ದು ಗಿರಾಕಿಯ ಜೊತೆಗಿನ ಬರಹದ ಒಪ್ಪಂದ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ಬೇರೆ ಒಪ್ಪಂದವಿಲ್ಲದಿದ್ದರೆ ತೆಗೆಸಿದವರೇ. ಮದುವೆಯ ಫೋಟೊವನ್ನು ಅಂಗಡಿಯ ಬೋರ್ಡಿಗೆ ಹಾಕುವುದಿದ್ದರೂ, ಇನ್‌ಸ್ಟಾಗ್ರಾಮಿಗೆ ಏರಿಸುವುದಿದ್ದರೂ ಮನೆಯವರ ಒಪ್ಪಿಗೆಯನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಬೇಕು. ಹೆಣ್ಣುಮಕ್ಕಳ ಚಿತ್ರಗಳ ವಿಷಯದಲ್ಲಿ ಇದು ಕಾನೂನಿಗಿಂತ ಮಿಗಿಲಾದ ಹೊಣೆ.

ಫೈಲುಗಳನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೀರಿ ಎಂಬುದನ್ನೂ ಅದೇ ಬಿಲ್ಲಿನಲ್ಲಿ ಬರೆಯಬೇಕು. ಹಿಂದಿನವರು ನೆಗೆಟಿವ್‌ಗಳನ್ನು ಗಿರಾಕಿಯ ಹೆಸರು, ತಾರೀಕು ಬರೆದ ಲಕೋಟೆಯಲ್ಲಿ ದಶಕಗಟ್ಟಲೆ ಕಾಪಾಡಿದರು, ಮರುಪ್ರಿಂಟಿನಿಂದ ಅವರಿಗೆ ಸಣ್ಣ ಆದಾಯವೂ ಬರುತ್ತಿತ್ತು. ಹಾರ್ಡ್ ಡಿಸ್ಕು ಯಾವ ಸೂಚನೆಯೂ ಕೊಡದೆ ಒಂದು ದಿನ ನಿಲ್ಲುತ್ತದೆ. ಆದ್ದರಿಂದ ಒಂದೇ ಮದುವೆಯ ಫೈಲು ಎರಡು ಡಿಸ್ಕಿನಲ್ಲಿ, ಒಂದು ಅಂಗಡಿಯಲ್ಲಿ ಒಂದು ಮನೆಯಲ್ಲಿ ಇರಬೇಕು. ಆಲ್ಬಂ ಕೊಟ್ಟ ಮೇಲೆ ಒಂದು ವರ್ಷ ಇಟ್ಟುಕೊಂಡು, ಆಮೇಲೆ ಮನೆಯವರಿಗೆ ಪೆನ್‌ಡ್ರೈವಿನಲ್ಲಿ ಪೂರ್ತಿ ಒಪ್ಪಿಸಿ ಸಹಿ ಪಡೆಯುವುದು ಎರಡು ಕಡೆಗೂ ಕ್ಷೇಮ. ಆ ಎರಡನೆಯ ಡಿಸ್ಕಿನ ಖರ್ಚನ್ನು ಪ್ರತಿ ಮದುವೆಯ ದರದಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರಿಸಿದರೆ ಯಾರಿಗೂ ಹೊರೆಯಾಗದು.